ಮೋಟಾರು ಗಾಡಿಯ ಇಂಧನ ಪಂಪು: ಒರಿಜಿನಲ್ ಬೇಕೋ, ಲೋಕಲ್ ಸಾಕೋ?

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಒಂದು ಹಳೆಯ ಕಾರನ್ನೇ ನಂಬಿ ಜೀವನ ನಡೆಸುವ ಕುಟುಂಬಗಳು ಕೆಲವುಂಟು. ಹಗಲು ಮದುವೆಯ ದಿಬ್ಬಣ, ಯಾತ್ರಿಕರ ಬಾಡಿಗೆ. ಅಪರಾತ್ರಿಯಲ್ಲಿ ಹೆರಿಗೆ ನೋವಿನ ಹೆಂಗಸನ್ನು ಮೈಸೂರಿನ ಆಸ್ಪತ್ರೆಗೆ ಮುಟ್ಟಿಸುವ ಹೊಣೆ. ಅಂತಹ ಗಾಡಿ ನಡುದಾರಿಯಲ್ಲಿ ನಿಂತರೆ ನಷ್ಟವು ಕೇವಲ ಬಾಡಿಗೆಯದಲ್ಲ. ಇಂಧನ ಪಂಪು ಕೆಟ್ಟಿದೆಯೆಂದು ಮೆಕ್ಯಾನಿಕ್ಕನು ಹೇಳಿದಾಗ ಬಿಡಿಭಾಗಗಳ ಅಂಗಡಿಯಲ್ಲಿ ಎದುರಾಗುವ ಪ್ರಶ್ನೆ ಒಂದೇ: “ಒರಿಜಿನಲ್ ಬೇಕೋ, ಲೋಕಲ್ ಸಾಕೋ?” ಈ ಪ್ರಶ್ನೆಗೆ ಉತ್ತರವು ಅಂಗಡಿಯವನ ಮಾತಿನಲ್ಲಿಲ್ಲ, ನಾವು ತರಗತಿಯಲ್ಲಿ ಓದುವ ಭೌತವಿಜ್ಞಾನ, ರಸಾಯನಶಾಸ್ತ್ರಗಳಲ್ಲಿಯೇ ಇದೆ. ಅದು ಹೇಗೆಂಬುದನ್ನು ನೋಡೋಣ.

ಪಂಪಿನ ಕೆಲಸ

ಪ್ರೀಮಿಯರ್ ಪದ್ಮಿನಿ, ಮೊದಮೊದಲಿನ ಮಾರುತಿ 800 ಮುಂತಾದ ಕಾರ್ಬ್ಯುರೇಟರ್ ಕಾರುಗಳಲ್ಲಿ ಪಂಪು ಎಂಜಿನಿಗೆ ಅಂಟಿಕೊಂಡಿತ್ತು. ಎಂಜಿನು ತಿರುಗಿದಂತೆ ಒಂದು ಸನ್ನೆಯು ಡಯಾಫ್ರಮ್ ಎಂಬ ರಬ್ಬರಿನ ಪೊರೆಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಸ್ಪ್ರಿಂಗು ಅದನ್ನು ಮುಂದಕ್ಕೆ ತಳ್ಳುತ್ತಿತ್ತು. ಎರಡು ಕವಾಟಗಳು ಪೆಟ್ರೋಲನ್ನು ಒಂದೇ ದಿಕ್ಕಿನಲ್ಲಿ ಬಿಡುತ್ತಿದ್ದುವು. ಬೇಕಾಗಿದ್ದ ಒತ್ತಡ ಅತ್ಯಲ್ಪ: ವಾಯುಮಂಡಲದ ಒತ್ತಡದ ಮೂರನೆಯ ಒಂದು ಭಾಗವಾದರೂ ಸಾಕಾಗಿತ್ತು.

ಈಗಿನ ಪೆಟ್ರೋಲು ಕಾರುಗಳಲ್ಲಿ ಪಂಪು ಸಾಮಾನ್ಯವಾಗಿ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿಯೇ ಮುಳುಗಿರುತ್ತದೆ. ವಿದ್ಯುತ್ ಮೋಟಾರು ಅಂಚಿನಲ್ಲಿ ಹಲ್ಲುಗಳುಳ್ಳ ಒಂದು ಚಿಕ್ಕ ಪ್ಲಾಸ್ಟಿಕ್ ಚಕ್ರವನ್ನು ಅತಿ ವೇಗವಾಗಿ ತಿರುಗಿಸಿ ಪೆಟ್ರೋಲನ್ನು ಇಂಜೆಕ್ಟರುಗಳಿಗೆ ದೂಡುತ್ತದೆ. ಅನೇಕ ಕಾರುಗಳಲ್ಲಿ ಇದರ ಒತ್ತಡ ಸುಮಾರು 3 ಬಾರ್. ಇದು ಎಷ್ಟೆಂದು ತಿಳಿಯಲು ಒಂದು ಲೆಕ್ಕ ಮಾಡೋಣ. ಪೆಟ್ರೋಲಿನ ಸಾಂದ್ರತೆ ಘನ ಮೀಟರಿಗೆ ಸುಮಾರು 740 ಕಿಲೋಗ್ರಾಂ. 3 ಬಾರ್ ಒತ್ತಡವು ಸುಮಾರು 41 ಮೀಟರ್ ಎತ್ತರದ ಪೆಟ್ರೋಲಿನ ಸ್ತಂಭವನ್ನು ಎತ್ತಿ ಹಿಡಿಯಬಲ್ಲುದು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಮಹಾದ್ವಾರದ ಗೋಪುರ ಸುಮಾರು 120 ಅಡಿ, ಎಂದರೆ 37 ಮೀಟರಿನಷ್ಟು. ಅಂಗೈಯಲ್ಲಿ ಹಿಡಿಯುವಂತಹ ಈ ಯಂತ್ರವು ಪೆಟ್ರೋಲನ್ನು ಆ ಗೋಪುರದ ಕಳಸಗಳಿಗೂ ಮೇಲೆ ಏರಿಸುವಷ್ಟು ಬಲವುಳ್ಳದ್ದು!

ಒತ್ತಡ ಕುಗ್ಗಿದರೆ ಏನಾಗುತ್ತದೆ? ಇಂಜೆಕ್ಟರಿನಿಂದ ಹೊರಬೀಳುವ ಪೆಟ್ರೋಲಿನ ಪ್ರಮಾಣವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. 3 ಬಾರ್ ಇರಬೇಕಾದಲ್ಲಿ 2 ಬಾರ್ ಮಾತ್ರ ಇದ್ದರೆ, ಮೂರನೆಯ ಎರಡರ ವರ್ಗಮೂಲ 0.82; ಆದುದರಿಂದ ಪೆಟ್ರೋಲು ಶೇಕಡ 18ರಷ್ಟು ಕಡಮೆಯಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗಾಡಿಯ ಎಲೆಕ್ಟ್ರಾನಿಕ್ ನಿಯಂತ್ರಕವು ಈ ಕೊರತೆಯನ್ನು ಬಹುಮಟ್ಟಿಗೆ ಮರೆಸಬಹುದು. ತುಂಬಿದ ಗಾಡಿ ಚಾಮುಂಡಿ ಬೆಟ್ಟವನ್ನು ಏರುವಾಗ ಮಾತ್ರ ಕೊರತೆ ಬಯಲಾಗುತ್ತದೆ. ಅಂಗಡಿಯ ಮುಂದೆ ಗಾಡಿ ಚೆನ್ನಾಗಿ ಸ್ಟಾರ್ಟ್ ಆಯಿತೆಂಬುದು ಪಂಪಿನ ಯೋಗ್ಯತೆಗೆ ಸಾಕ್ಷಿಯಲ್ಲ.

ಮದ್ಯಸಾರ ಮತ್ತು ರಬ್ಬರು

ಒತ್ತಡದಷ್ಟೇ ಮುಖ್ಯವಾದುದು ಪಂಪನ್ನು ಯಾವ ವಸ್ತುಗಳಿಂದ ಮಾಡಿದೆ ಎಂಬುದು. ಈ ಎರಡು ತಾಲ್ಲೂಕುಗಳು ಕಬ್ಬಿನ ಸೀಮೆಗಳೂ ಹೌದು. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯೂ ಇದೆ. ಕಬ್ಬಿನ ರಸ, ಕಾಕಂಬಿಗಳಿಂದಲೂ ಧಾನ್ಯಗಳಿಂದಲೂ ತಯಾರಾಗುವ ಎಥನಾಲ್ ಎಂಬ ಮದ್ಯಸಾರವನ್ನು ನಮ್ಮ ದೇಶದಲ್ಲಿ ಪೆಟ್ರೋಲಿಗೆ ಬೆರೆಸುತ್ತಾರೆ. ಶೇಕಡ 20 ಎಥನಾಲ್ ಇರುವ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರ ವೇಳೆಗೆ ದೇಶದ ಮಿಶ್ರಣವೇ ಆ ಮಟ್ಟವನ್ನು ಮುಟ್ಟಿತು. ಗದ್ದೆಯ ಕಬ್ಬು ಹೀಗೆ ರೈತನ ಕಾರಿನ ಟ್ಯಾಂಕಿಗೇ ಮರಳಿ ಬರುತ್ತದೆ.

ಎಥನಾಲಿನ ಸ್ವಭಾವ ಪೆಟ್ರೋಲಿನದಕ್ಕಿಂತ ಬೇರೆ. ಅದರ ಅಣುವಿನಲ್ಲಿ ವಿದ್ಯುದಂಶಗಳು ಸಮವಾಗಿ ಹಂಚಿಲ್ಲವಾದ್ದರಿಂದ ಅದು ನೀರನ್ನು ಬಲು ಸುಲಭವಾಗಿ ಹೀರಿಕೊಳ್ಳುತ್ತದೆ. ನೀರು ಸೇರಿದಲ್ಲಿ ಲೋಹಕ್ಕೆ ತುಕ್ಕು ತಪ್ಪದು. ಹಳೆಯ ಪಂಪುಗಳಲ್ಲಿ ಬಳಸುತ್ತಿದ್ದ ಸಾಧಾರಣ ನೈಟ್ರೈಲ್ ರಬ್ಬರು ಬರಿಯ ಪೆಟ್ರೋಲನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಮದ್ಯಸಾರ ಬೆರೆತ ಪೆಟ್ರೋಲಿನಲ್ಲಾದರೋ ಹೆಚ್ಚಾಗಿ ಉಬ್ಬಿ ಮೆತ್ತಗಾಗುತ್ತದೆ. ಫ್ಲೋರಿನ್ ಸೇರಿದ ರಬ್ಬರು ಈ ಮಿಶ್ರಣವನ್ನು ತಾಳಬಲ್ಲುದು, ಆದರೆ ಅದರ ಬೆಲೆ ಹೆಚ್ಚು. ಮದ್ಯಸಾರಕ್ಕೆಂದು ರೂಪಿಸಿದ ಪಂಪಿನ ಮೋಟಾರಿನಲ್ಲಿ ತಾಮ್ರದ ಕಮ್ಯುಟೇಟರಿಗೆ ಬದಲಾಗಿ ಇಂಗಾಲದ ಕಮ್ಯುಟೇಟರನ್ನು ಬಳಸುವುದುಂಟು. ಅಗ್ಗದ ಪಂಪಿನಲ್ಲಿ ಉಳಿತಾಯ ಮಾಡುವುದು ಹೆಚ್ಚಾಗಿ ಇಂತಹ ಕಣ್ಣಿಗೆ ಕಾಣದ ಕಡೆಗಳಲ್ಲಿಯೇ. ಹೊರಗಿನ ಹೊಳಪು ಎರಡಕ್ಕೂ ಒಂದೇ.

ಪೆಟ್ಟಿಗೆಯ ಮೇಲಿನ ಹೆಸರು

ಹಾಗಾದರೆ ಕಾರಿನ ಕಂಪನಿಯ ಪೆಟ್ಟಿಗೆಯಲ್ಲಿ ಬಂದುದನ್ನೇ ಕೊಂಡರೆ ಚಿಂತೆಯಿಲ್ಲವೆನ್ನೋಣವೆ? ಈ ಮಾತನ್ನೂ ಪರೀಕ್ಷಿಸಬೇಕು. ಕಾರಿನ ಕಂಪನಿಗಳು ಪಂಪುಗಳನ್ನು ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ. ಬಿಡಿಭಾಗಗಳ ತಯಾರಕರಿಂದ ಕೊಳ್ಳುತ್ತವೆ. 1951ರಲ್ಲಿ ಆರಂಭವಾದ, ಬೆಂಗಳೂರಿನ ಮೈಕೋ ಇಂತಹ ಸಂಸ್ಥೆ. ಅದು ತಯಾರಿಸಿದ್ದು ಕಾರುಗಳನ್ನಲ್ಲ. ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಎಂಜಿನುಗಳ ಇಂಧನ ಪಂಪು ಮುಂತಾದುವನ್ನು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ತಯಾರಕರು ಕಾರಿನ ಕಂಪನಿಗೆ ಕೊಡುವ ಪಂಪಿನಂತಹುದನ್ನೇ ತಮ್ಮ ಸ್ವಂತ ಹೆಸರಿನಲ್ಲಿಯೂ ಕಡಮೆ ಬೆಲೆಗೆ ಮಾರುವುದುಂಟು.

ಎಂದರೆ ಅಂಗಡಿಯಲ್ಲಿರುವುದು ಎರಡು ಬಗೆಯಲ್ಲ, ನಾಲ್ಕು ಬಗೆ: ಕಾರಿನ ಕಂಪನಿಯ ಮಾಲು, ಮೂಲ ತಯಾರಕರ ಹೆಸರಿನ ಮಾಲು, ಬೇರೆ ತಯಾರಕರು ತಮ್ಮ ಹೆಸರಿನಲ್ಲಿ ಮಾಡಿದ ಬದಲಿ ಮಾಲು, ಕೊನೆಯದಾಗಿ, ಹೆಸರಾಂತ ಕಂಪನಿಯ ಪೆಟ್ಟಿಗೆಯನ್ನೇ ಅನುಕರಿಸಿದ ನಕಲಿ ಮಾಲು. ಮೂರನೆಯದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ನಾಲ್ಕನೆಯದು ಮೋಸವೇ ಸರಿ.

ಮೂಲ ಮಾಲಿನಲ್ಲಿಯೂ ದೋಷ ಬರುವುದುಂಟು. 2020ರಲ್ಲಿ ಟೊಯೋಟ ಕಂಪನಿಯು ಹಲವು ದೇಶಗಳಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಿತು. ಅವುಗಳ ಪಂಪಿನೊಳಗಿನ ಪ್ಲಾಸ್ಟಿಕ್ ಚಕ್ರದ ಸಾಂದ್ರತೆ ಕಡಮೆಯಾಗಿದ್ದಿತು. ಅದು ಇಂಧನವನ್ನು ಹೀರಿ ಊದಿ ಕವಚಕ್ಕೆ ತಗುಲುವ ಸಂಭವವಿತ್ತು. 2024ರ ಅಕ್ಟೋಬರಿನಲ್ಲಿ ಹೋಂಡಾ ಕಂಪನಿಯು ಭಾರತದಲ್ಲಿ 90,000ಕ್ಕೂ ಹೆಚ್ಚು ಕಾರುಗಳ ಪಂಪನ್ನು ಇಂತಹದೇ ಚಕ್ರದ ದೋಷಕ್ಕಾಗಿ ಉಚಿತವಾಗಿ ಬದಲಾಯಿಸಿಕೊಡುವುದಾಗಿ ಪ್ರಕಟಿಸಿತು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ದೋಷವನ್ನು ಪತ್ತೆಹಚ್ಚಿ ಗಾಡಿಯವರನ್ನು ಹುಡುಕಿ ಕರೆಯಲು ಅಲ್ಲಿ ದಾಖಲೆಯಿತ್ತು, ಹೊಣೆಗಾರರಿದ್ದರು. ಹೆಸರಿಲ್ಲದ ಪಂಪು ಕೆಟ್ಟರೆ ಕರೆಯುವವರು ಯಾರು?

ಬೆಲೆಯ ಲೆಕ್ಕ

ಬೆಲೆಯನ್ನು ಬಾಳಿಕೆಯೊಡನೆ ತೂಗಬೇಕು. ಲೆಕ್ಕಕ್ಕಾಗಿ ಹೀಗೆ ಭಾವಿಸೋಣ: ಕಾರಿನ ಕಂಪನಿಯ ಪಂಪಿಗೆ 6,000 ರೂಪಾಯಿ, ಮೂಲ ತಯಾರಕರದಕ್ಕೆ 4,000, ಹೆಸರಿಲ್ಲದ್ದಕ್ಕೆ 2,000, ಪ್ರತಿ ಸಲವೂ ಕೂಲಿ 1,000. ಮೊದಲ ಎರಡು 5 ವರ್ಷ ಬಾಳಿ, ಮೂರನೆಯದು 1 ವರ್ಷ ಬಾಳಿದರೆ, ವರ್ಷಕ್ಕೆ ತಗಲುವ ವೆಚ್ಚ ಕ್ರಮವಾಗಿ 1,400, 1,000 ಮತ್ತು 3,000 ರೂಪಾಯಿ. ಮೂರನೆಯದು ಎರಡನೆಯದಕ್ಕೆ ಸರಿಗಟ್ಟಬೇಕಾದರೆ 3 ವರ್ಷ ಬಾಳಲೇಬೇಕು. ಇನ್ನು ಕೆಲವೇ ತಿಂಗಳಲ್ಲಿ ಗುಜರಿಗೆ ಹೋಗುವ ಗಾಡಿಗಾದರೆ ಈ ಲೆಕ್ಕ ಬೇರೆಯಾದೀತು. ಆದರೆ ರಾತ್ರಿ ರೋಗಿಯನ್ನು ಒಯ್ಯುವ ಗಾಡಿಯ ವಿಷಯದಲ್ಲಿ, ನಡುದಾರಿಯಲ್ಲಿ ನಿಲ್ಲುವುದರ ಬೆಲೆಯನ್ನು ಯಾವ ಕಲಮಿನಲ್ಲಿ ಬರೆಯುವುದು?

ಕೊಳ್ಳುವ ಮುನ್ನ

ಮೊದಲು, ಕೆಟ್ಟಿರುವುದು ಪಂಪೇ ಹೌದೆಂದು ಖಚಿತಪಡಿಸಿಕೊಳ್ಳಬೇಕು. ಸುಟ್ಟ ಫ್ಯೂಸು, ಕೆಟ್ಟ ರಿಲೇ, ಸಡಿಲವಾದ ತಂತಿ, ಕಸ ಕಟ್ಟಿದ ಫಿಲ್ಟರು ಇವೂ ಪಂಪಿನ ದೋಷದಂತೆಯೇ ತೋರುತ್ತವೆ. ಒತ್ತಡಮಾಪಕವನ್ನು ಜೋಡಿಸಿ ನೋಡುವ ಮೆಕ್ಯಾನಿಕ್ಕನ ಮಾತಿಗೆ ಊಹೆಯಿಂದ ಹೇಳುವವನ ಮಾತಿಗಿಂತ ತೂಕ ಹೆಚ್ಚು. ಎರಡನೆಯದಾಗಿ, ಹಳೆಯ ಪಂಪಿನ ಮೇಲಿನ ಭಾಗಸಂಖ್ಯೆಯನ್ನು ಬರೆದುಕೊಂಡು ಹೋಗಿ ಒತ್ತಡ ಮತ್ತು ಹರಿವು ಸರಿಹೊಂದುತ್ತವೆಯೇ ಎಂದು ನೋಡಬೇಕು. ಮೂರನೆಯದಾಗಿ, ಶೇಕಡ 20 ಎಥನಾಲಿಗೆ ಅದು ತಕ್ಕುದೆಂದು ತಯಾರಕರು ಬರಹದಲ್ಲಿ ಹೇಳಿದ್ದಾರೆಯೇ ಎಂದು ಕೇಳಬೇಕು. ನಾಲ್ಕನೆಯದಾಗಿ, ಬಿಲ್ಲು ಮತ್ತು ವಾರಂಟಿ ಪತ್ರಗಳಿಲ್ಲದೆ ಕೊಳ್ಳಬಾರದು.

ಪಂಪನ್ನು ಹಾಕಿದ ಮೇಲೂ ಒಂದು ಎಚ್ಚರಿಕೆ ಅಗತ್ಯ. ಮೋಟಾರು ಹೀರುವ ವಿದ್ಯುಚ್ಛಕ್ತಿಯ ಬಹುಪಾಲು ಶಾಖವಾಗಿ ಮಾರ್ಪಡುತ್ತದೆ. ಸುತ್ತಲಿನ ಪೆಟ್ರೋಲೇ ಅದನ್ನು ತಣಿಸುತ್ತದೆ. ಆದಕಾರಣ ಟ್ಯಾಂಕು ಬರಿದಾಗುವವರೆಗೆ ಓಡಿಸುವ ಅಭ್ಯಾಸವು ಎಷ್ಟೇ ಉತ್ತಮವಾದ ಪಂಪಿನ ಆಯುಷ್ಯವನ್ನೂ ಕುಗ್ಗಿಸುತ್ತದೆ. ಟ್ಯಾಂಕನ್ನು ಬಿಚ್ಚುವ ಕೆಲಸವನ್ನು ಮಾತ್ರ ಬಲ್ಲವರಿಗೇ ಬಿಡಬೇಕು. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.

ಒಟ್ಟಿನಲ್ಲಿ, ಒರಿಜಿನಲ್, ಲೋಕಲ್ ಎಂಬುವು ಪೆಟ್ಟಿಗೆಯ ಮೇಲಿನ ಮಾತುಗಳು. ಒತ್ತಡ, ಹರಿವು, ವಸ್ತು, ಹೊಣೆ ಈ ನಾಲ್ಕು ಪಂಪಿನ ಗುಣಗಳು. ಈ ನಾಲ್ಕನ್ನೂ ಕೇಳಿ ತಿಳಿದು ಕೊಂಡವನು ಹೆಚ್ಚು ಹಣ ತೆತ್ತರೂ ಮೋಸಹೋಗನು. ಕಡಮೆ ತೆತ್ತರೂ ದಾರಿಯಲ್ಲಿ ನಿಲ್ಲುವ ಸಂಭವ ಕಡಮೆ. ಮನೆಯಲ್ಲಿ ಕಾರಿರುವ ವಿದ್ಯಾರ್ಥಿಗಳು ಮುಂದಿನ ಸಲ ತಂದೆಯವರೊಡನೆ ಬಿಡಿಭಾಗಗಳ ಅಂಗಡಿಗೆ ಹೋದಾಗ ಈ ಪ್ರಶ್ನೆಗಳನ್ನು ತಾವೇ ಕೇಳಿ ನೋಡಲಿ.