‘ಇಲ್ಲ’ ಅಂದದ್ದು ಯಾರು?

ತಮ್ಮಾ, ನಿನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತಿದ್ದ ಫ್ಲಾಸ್ಕ್ ಆ್ಯಪ್ ಸರ್ವರ್ ಸೇರಿದ ಕೂಡಲೇ ಮುಖಪುಟವೊಂದನ್ನು ಬಿಟ್ಟು ಮಿಕ್ಕೆಲ್ಲ ಪುಟಗಳಿಗೂ 404 ಅನ್ನುತ್ತಿದೆ ಎಂದೆಯಲ್ಲ, ಸದ್ಯಕ್ಕೆ ಕೋಡ್ ಮುಟ್ಟಬೇಡ. ಆ ‘ಇಲ್ಲ’ ಅಂದದ್ದು ಯಾರು ಎಂದು ಮೊದಲು ಕಂಡುಕೋ.

ಅಪಾರ್ಟ್‌ಮೆಂಟಿನ ಗೇಟಿನಲ್ಲೇ ವಾಚ್‌ಮನ್ ‘ಅಂಥವರು ಇಲ್ಲಿಲ್ಲ’ ಅನ್ನುವುದು ಬೇರೆ, ಮೂರನೇ ಮಹಡಿಯ ಮನೆಯವರು ಬಾಗಿಲು ತೆರೆದು ಹಾಗನ್ನುವುದು ಬೇರೆ. ನಿನ್ನ ಸರ್ವರಿನ ಗೇಟಿನಲ್ಲಿರುವುದು ಎಂಜಿನ್‌ಎಕ್ಸ್. ಅದರ ಹಿಂದೆ ಗುನಿಕಾರ್ನ್, ಅದರೊಳಗೆ ಫ್ಲಾಸ್ಕ್. 404 ಪುಟದ ಅಡಿಯಲ್ಲಿ ಎಂಜಿನ್‌ಎಕ್ಸ್ ಎಂದಿದ್ದರೆ ಕೋರಿಕೆ ಬಹುತೇಕ ಗೇಟು ದಾಟಿಲ್ಲ. ಸಂರಚನೆಯಲ್ಲಿ ಮುಖಪುಟದ ವಿಳಾಸವನ್ನಷ್ಟೇ ಒಳಗೆ ಬಿಟ್ಟಿದ್ದೀಯೇನೋ, ಉಳಿದವನ್ನು ಅದು ಡಿಸ್ಕಿನಲ್ಲಿ ಫೈಲುಗಳೆಂದು ಹುಡುಕುತ್ತಿರುತ್ತದೆ. ವಿಳಾಸದ ಕಾಗುಣಿತ ಸರಿಯಿದೆಯೇ ನೋಡಿ ಎಂಬರ್ಥದ ಇಂಗ್ಲಿಷ್ ಸಾಲು ಕಂಡರೆ ಮಾತಾಡಿದ್ದು ಫ್ಲಾಸ್ಕ್.

ಆಗ ಅದರ ಕೈಗೆ ಯಾವ ವಿಳಾಸ ತಲುಪಿತು ಅನ್ನುವುದೇ ಪ್ರಶ್ನೆ. ಆ್ಯಪನ್ನು ‘/ಅಂಗಡಿ/’ ಕೆಳಗೆ ಇಟ್ಟಿದ್ದೀಯ. ಎಂಜಿನ್‌ಎಕ್ಸಿನ ಪ್ರಾಕ್ಸಿ ಪಾಸ್ ಸಾಲು ಪೋರ್ಟ್ ಸಂಖ್ಯೆಗೇ ಮುಗಿದರೆ ‘/ಅಂಗಡಿ/ಪಟ್ಟಿ’ ಹಾಗೇ ಒಳಗೆ ಹೋಗುತ್ತದೆ. ಪೋರ್ಟ್ ಆದಮೇಲೆ ಒಂದು ಓರೆಗೆರೆ ಇದ್ದರೆ ಬರೀ ‘/ಪಟ್ಟಿ’ ಹೋಗುತ್ತದೆ. ನೀನು ರೂಟ್ ಬರೆದದ್ದು ‘/ಪಟ್ಟಿ’ಗೆ, ಹಾಗಾಗಿ ಆ ಓರೆಗೆರೆ ಬೇಕು.

ಹಿಂದೊಮ್ಮೆ ಮಕ್ಕಳು ಪರೀಕ್ಷೆಯ ಅಂಕ ನೋಡಬೇಕಿದ್ದ ಆ್ಯಪೊಂದನ್ನು ನಾನು ಸರ್ವರಿಗೆ ಏರಿಸಿದ್ದೆ. ಬೆಳಗ್ಗೆ ಫಲಿತಾಂಶ. ರಾತ್ರಿಯಿಡೀ ರೂಟುಗಳನ್ನು ಎರಡು ಸಲ ತಿದ್ದಿ ಬರೆದೆ, ಸರಿಯಿದ್ದವನ್ನೂ ಕೆಡಿಸಿದೆ. ತಪ್ಪಿದ್ದದ್ದು ಆ ಒಂದು ಓರೆಗೆರೆಯಲ್ಲಿ. ಕಾಯುತ್ತಿದ್ದ ಆ ಮಕ್ಕಳ ನೆನಪು ಇವತ್ತಿಗೂ ಹೋಗಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಓರೆಗೆರೆ ಸರಿಪಡಿಸಿದ ಮೇಲೆ ಪುಟ ತೆರೆಯುತ್ತದೆ, ಆದರೆ ಅದರೊಳಗಿನ ಕೊಂಡಿ ಒತ್ತಿದರೆ ಮತ್ತೆ 404. ಗಾಬರಿಯಾಗಬೇಡ. ತಾನು ‘/ಅಂಗಡಿ’ಯಲ್ಲಿದ್ದೇನೆಂದು ಫ್ಲಾಸ್ಕಿಗೆ ಗೊತ್ತಿಲ್ಲ, ಅದನ್ನು ಬಿಟ್ಟೇ ಕೊಂಡಿ ಕಟ್ಟುತ್ತದೆ. ಎಂಜಿನ್‌ಎಕ್ಸಿನಿಂದ ಎಕ್ಸ್-ಫಾರ್ವರ್ಡೆಡ್-ಪ್ರಿಫಿಕ್ಸ್ ಹೆಡರ್ ಕಳಿಸಿ, ಆ್ಯಪಿಗೆ ಪ್ರಾಕ್ಸಿಫಿಕ್ಸ್ ಸುತ್ತಿ, ಆ ಹೆಡರನ್ನು ನಂಬಲು ಹೇಳು.

ಇನ್ನೊಂದು: ರೂಟುಗಳು ‘ಮೇನ್’ ಎಂದು ಪರೀಕ್ಷಿಸುವ ಇಫ್ ಸಾಲಿನ ಒಳಗೆ ಸೇರಿಕೊಂಡಿಲ್ಲ ತಾನೇ? ನೀನು ಫೈಲನ್ನು ನೇರ ಓಡಿಸಿದಾಗ ಅವು ಹುಟ್ಟುತ್ತವೆ, ಗುನಿಕಾರ್ನ್ ಅದನ್ನು ಆಮದು ಮಾಡಿಕೊಂಡಾಗ ಹುಟ್ಟುವುದಿಲ್ಲ. ಸರ್ವರಿನಲ್ಲೇ ‘ಫ್ಲಾಸ್ಕ್ ರೂಟ್ಸ್’ ಆಜ್ಞೆ ಕೊಟ್ಟರೆ ಇರುವ ರೂಟುಗಳೆಲ್ಲ ಪಟ್ಟಿಯಾಗುತ್ತವೆ. ರೂಟಿನ ಕೊನೆಯ ಓರೆಗೆರೆಯನ್ನೂ ಗಮನಿಸು: ‘/ಪಟ್ಟಿ/’ ಎಂದು ಬರೆದಿದ್ದರೆ ಗೆರೆಯಿಲ್ಲದೆ ಬಂದವರನ್ನೂ ಫ್ಲಾಸ್ಕ್ ಅಲ್ಲಿಗೇ ಕಳಿಸುತ್ತದೆ, ‘/ಪಟ್ಟಿ’ ಎಂದಿದ್ದರೆ ಗೆರೆಯೊಡನೆ ಬಂದವರಿಗೆ 404.

ನೀನು ಕೇಳದೆ ಗುನಿಕಾರ್ನ್ ಆಕ್ಸೆಸ್ ಲಾಗ್ ಬರೆಯುವುದಿಲ್ಲ, ಅದನ್ನು ಚಾಲೂ ಮಾಡಿಡು. ಸಂಜೆ ಒಂದೇ ಒಂದು ಪುಟ ಕೇಳಿ ನೋಡಿ, ಎಂಜಿನ್‌ಎಕ್ಸಿನ ಲಾಗ್ ಸಾಲು, ಗುನಿಕಾರ್ನಿನ ಲಾಗ್ ಸಾಲು, ಎರಡನ್ನೂ ನನಗೆ ಕಳಿಸು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.