ಕಾರ್ಖಾನೆ ಬರುವ ಸುದ್ದಿ ನಮಗೇ ಕಡೆಗೆ ಯಾಕೆ ಗೊತ್ತಾಗುತ್ತದೆ?

ಸರ್, ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಘಟಕ ಇದೆ. ಕಾರ್ಖಾನೆ ಕ್ಯಾಂಟೀನು, ಹಾಸ್ಟೆಲು, ಆಸ್ಪತ್ರೆಗಳಿಗೆ ಬೇಕಾಗುವ ಸ್ಟೀಲಿನ ಅಡುಗೆ ಸಲಕರಣೆ ಮಾಡುತ್ತೇವೆ. ಇಡ್ಲಿ ಸ್ಟೀಮರ್, ಚಪಾತಿ ಪ್ಲೇಟು, ವರ್ಕ್ ಟೇಬಲ್, ಎಕ್ಸಾಸ್ಟ್ ಹುಡ್ ಎಲ್ಲ ನಮ್ಮಲ್ಲೇ ಆಗುತ್ತವೆ. ಇಷ್ಟು ವರ್ಷ ಆರ್ಡರ್ ಬಂದದ್ದೆಲ್ಲ ಬಾಯಿಂದ ಬಾಯಿಗೆ. ಹೋದ ವರ್ಷ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಣ್ಣೆದುರೇ ಒಂದು ದೊಡ್ಡ ಕಾರ್ಖಾನೆ ಎದ್ದಿತು. ಕೊಟೇಶನ್ ಹಿಡಿದು ಹೋಗುವಷ್ಟರಲ್ಲಿ ಪುಣೆಯವರು ಕಿಚನ್ ಪೂರ್ತಿ ಹಾಕಿಕೊಟ್ಟಿದ್ದರು. ಅಂದಿನಿಂದ ನನ್ನ ಮಗ ಆನ್‌ಲೈನ್ ನ್ಯೂಸ್ ಮಾನಿಟರಿಂಗ್ ಸೇವೆ ತೆಗೆದುಕೊಳ್ಳಲೇಬೇಕು ಅಂತ ಹಟ ಹಿಡಿದಿದ್ದಾನೆ. ವರ್ಷಕ್ಕೆ ಒಂದೂಮುಕ್ಕಾಲು ಲಕ್ಷ, ಜಿಎಸ್‌ಟಿ ಬೇರೆ. ತಿಂಗಳ ಕೊನೆಯೊಳಗೆ ಸಹಿ ಹಾಕಿದರೆ ಡಿಸ್ಕೌಂಟ್ ಅನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ, ಮಗನ ಮಾತು ತೆಗೆದುಹಾಕುವುದಕ್ಕೂ ಮನಸ್ಸಿಲ್ಲ. ಊಟಕ್ಕೆ ಕೂತರೂ ಇದೇ ಜಗಳ. ಏನು ಮಾಡಲಿ?
— ಹೆಸರು ಬೇಡ, ಹುಬ್ಬಳ್ಳಿ

ಈ ತಿಂಗಳು ಸಹಿ ಹಾಕಬೇಡಿ. ಡಿಸ್ಕೌಂಟ್ ಮುಂದಿನ ತಿಂಗಳೂ ಸಿಗುತ್ತದೆ. ಆದರೆ ನಿಮ್ಮ ಮಗ ಕೇಳುತ್ತಿರುವುದು ಸರಿಯಾದದ್ದನ್ನೇ. ಆರ್ಡರ್ ಬರುವವರೆಗೆ ಕಾಯುವುದನ್ನು ಬಿಟ್ಟು ನಾವೇ ಮೊದಲು ಹೋಗಬೇಕು ಎಂಬ ಯೋಚನೆ ಒಳ್ಳೆಯದು. ಅದಕ್ಕೆ ಯಾವ ಸಾಧನ ಬೇಕು ಎಂಬುದಷ್ಟೇ ಈಗ ತೀರ್ಮಾನ ಆಗಬೇಕಾದದ್ದು. ಅದನ್ನು ತೀರ್ಮಾನಿಸುವ ಕಾಗದಪತ್ರ ನಿಮ್ಮ ಆಫೀಸಿನಲ್ಲೇ ಇವೆ.

ಒಂದು ಭಾನುವಾರ ಅಪ್ಪ ಮಗ ಇಬ್ಬರೂ ಕೂತು ಹಳೆಯ ಪರ್ಚೇಸ್ ಆರ್ಡರುಗಳ ಫೈಲು ತೆಗೆಯಿರಿ. ದೊಡ್ಡ ಆರ್ಡರ್ ಕೊಟ್ಟ ಒಂದೊಂದು ಗಿರಾಕಿಯ ಮುಂದೆಯೂ ಇಷ್ಟು ಬರೆಯಿರಿ: ಆ ಕಾರ್ಖಾನೆ ಬರುತ್ತದೆಂದು ಮೊದಲು ಎಲ್ಲಿ ಸುದ್ದಿಯಾಯಿತು, ಪಾಯ ಯಾವಾಗ ತೆಗೆದರು, ಕಿಚನ್ ಲೇಔಟ್ ಯಾರು ಬರೆದರು, ಆರ್ಡರ್ ಯಾವಾಗ ಬಂತು, ನಿಮಗೆ ಗೊತ್ತಾದದ್ದು ಯಾವಾಗ. ತಪ್ಪಿಹೋದ ಬೇಲೂರಿನ ಕೆಲಸಕ್ಕೂ ಇದೇ ಲೆಕ್ಕ ಹಾಕಿ. ನಿಮ್ಮ ಮಾಲು ಕಾರ್ಖಾನೆಯೊಳಗೆ ಹೋಗುವುದು ಕಡೆಯಲ್ಲಿ, ಸಿವಿಲ್ ಕೆಲಸ ಮುಗಿಯುತ್ತ ಬಂದಾಗ. ಆದರೆ ನೆಲದ ಚರಂಡಿ ಎಲ್ಲಿ, ಗ್ಯಾಸ್ ಪೈಪು ಎಲ್ಲಿ, ಹುಡ್‌ಗೆ ಗೋಡೆಯಲ್ಲಿ ಕಿಂಡಿ ಎಲ್ಲಿ ಎಂಬುದು ಆರ್ಕಿಟೆಕ್ಟ್ ನಕ್ಷೆ ಬರೆಯುವಾಗಲೇ ನಿಶ್ಚಯವಾಗಿರುತ್ತದೆ. ಆ ನಕ್ಷೆಗೆ ಸಲಹೆ ಕೊಟ್ಟವನಿಗೇ ಆರ್ಡರ್ ಹೋಗುವ ಸಾಧ್ಯತೆ ಹೆಚ್ಚು. ಹಾಗಾಗಿ ನಿಮಗೆ ಬೇಕಾದ ಸುದ್ದಿ ಉದ್ಘಾಟನೆಯದಲ್ಲ, ಭೂಮಿಪೂಜೆಯದೂ ಅಲ್ಲ. ಅದಕ್ಕಿಂತ ಮುಂಚಿನದು.

ಮುಂಚಿನ ಸುದ್ದಿ ಎಲ್ಲಿ ಹುಟ್ಟುತ್ತದೆ? ಬಹಳಷ್ಟು ಸಲ ಸರ್ಕಾರಿ ಸಭೆಯಲ್ಲಿ. ನಮ್ಮ ರಾಜ್ಯದಲ್ಲಿ 15 ಕೋಟಿ ರೂಪಾಯಿವರೆಗಿನ ಯೋಜನೆಗಳು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಗೆ ಹೋಗುತ್ತವೆ. 15ರಿಂದ 500 ಕೋಟಿಯವು ಕೈಗಾರಿಕಾ ಸಚಿವರ ಅಧ್ಯಕ್ಷತೆಯ ರಾಜ್ಯ ಮಟ್ಟದ ಸಮಿತಿಗೆ, ಅದಕ್ಕೂ ಮೇಲಿನವು ಮುಖ್ಯಮಂತ್ರಿಗಳ ಉನ್ನತ ಮಟ್ಟದ ಸಮಿತಿಗೆ. ಸಭೆ ಮುಗಿದ ಮೇಲೆ ಪತ್ರಿಕಾ ಪ್ರಕಟಣೆ ಬರುತ್ತದೆ. ಪತ್ರಿಕೆಗಳು ತಲೆಬರಹಕ್ಕೆ ಒಟ್ಟು ಮೊತ್ತ ತೆಗೆದುಕೊಳ್ಳುತ್ತವೆ. ನೀವು ಕೆಳಗಿನ ಸಾಲುಗಳನ್ನು ಓದಬೇಕು. ಕಂಪನಿ ಹೆಸರು, ಊರು, ಹೂಡಿಕೆ, ಕಡೆಯಲ್ಲಿ ಇಷ್ಟು ಜನರಿಗೆ ಉದ್ಯೋಗ ಅಂತ ಒಂದು ಸಂಖ್ಯೆ. ನಿಮ್ಮ ಕಸುಬಿಗೆ ಆ ಸಂಖ್ಯೆಯೇ ಮುಖ್ಯ. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕ್ಯಾಂಟೀನು ಕೇಳುತ್ತಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಗುತ್ತಿಗೆಯವರೂ ಸೇರಿ 100 ಮಂದಿ ಇದ್ದರೆ ಸಾಕು. ಇನ್ನೂರು ಕೋಟಿ ಹಾಕಿ ಅರವತ್ತು ಜನಕ್ಕೆ ಕೆಲಸ ಕೊಡುವ ಘಟಕಕ್ಕಿಂತ ಇಪ್ಪತ್ತು ಕೋಟಿ ಹಾಕಿ ಮುನ್ನೂರು ಜನರನ್ನು ಕೂರಿಸುವ ಗಾರ್ಮೆಂಟ್ಸ್ ಘಟಕ ನಿಮಗೆ ದೊಡ್ಡ ಗಿರಾಕಿ. ಇದನ್ನು ಯಾವ ಸಾಫ್ಟ್‌ವೇರೂ ತಾನಾಗಿ ತಿಳಿದುಕೊಳ್ಳುವುದಿಲ್ಲ, ನೀವೇ ಹೇಳಿಕೊಡಬೇಕು.

ಷೇರುಪೇಟೆಯಲ್ಲಿರುವ ಕಂಪನಿಗಳದು ಇನ್ನೊಂದು ದಾರಿ. ಸೆಬಿಯ 2015ರ ನಿಯಮಾವಳಿ ಪ್ರಕಾರ, ಹೊಸ ಘಟಕ, ಸಾಮರ್ಥ್ಯ ವಿಸ್ತರಣೆಯಂಥ ಮಹತ್ವದ ತೀರ್ಮಾನಗಳನ್ನು ಅವರು ಗಂಟೆಗಳೊಳಗೆ ಬಿಎಸ್‌ಇ, ಎನ್‌ಎಸ್‌ಇಗೆ ತಿಳಿಸಬೇಕು. ಅಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಪರಿಸರ ಅನುಮತಿ ಬೇಕಾದ ಯೋಜನೆಗಳ ಅರ್ಜಿಗಳು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ಸಿಗುತ್ತವೆ. ಸಾರ್ವಜನಿಕ ಅಹವಾಲು ಸಭೆ ಇದ್ದರೆ ಕನಿಷ್ಠ 30 ದಿನ ಮುಂಚೆ ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಜಾಹೀರಾತು ಬರಬೇಕು. ಸರ್ಕಾರಿ ಹಾಸ್ಟೆಲು, ಆಸ್ಪತ್ರೆಗಳದು ಸುದ್ದಿಗಿಂತ ಹೆಚ್ಚು ಟೆಂಡರ್ ವ್ಯವಹಾರ, ಅದಕ್ಕೆ ರಾಜ್ಯದ ಕೆಪಿಪಿಪಿ ಮತ್ತು ಕೇಂದ್ರದ ಜೆಮ್ ಪೋರ್ಟಲ್ ನೋಡಿದರೆ ಸಾಕು.

ದೊಡ್ಡ ಘೋಷಣೆಗಳ ಬಗ್ಗೆ ಒಂದು ಎಚ್ಚರಿಕೆ. ನಿಮ್ಮ ಪಕ್ಕದ ಗದಗಿನಲ್ಲೇ ನಡೆದದ್ದು ನೆನಪಿರಬಹುದು. 2010ರ ಹೂಡಿಕೆದಾರರ ಸಮಾವೇಶದಲ್ಲಿ ಪೋಸ್ಕೊ ಕಂಪನಿಯ 32,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಯ ಸುದ್ದಿ ಮುಖಪುಟ ತುಂಬಿತ್ತು. ರೈತರು ಜಮೀನು ಬಿಡಲಿಲ್ಲ, 2013ರ ಜುಲೈನಲ್ಲಿ ಕಂಪನಿ ವಾಪಸಾಯಿತು. ಆ ಮೂರು ವರ್ಷ ಪೋಸ್ಕೊ ಹೆಸರು ಹಾಕಿ ಅಲರ್ಟ್ ಇಟ್ಟುಕೊಂಡವರಿಗೆ ದಿನಾ ಸುದ್ದಿ ಬಂದಿರುತ್ತದೆ, ಆರ್ಡರ್ ಒಂದೂ ಬಂದಿರುವುದಿಲ್ಲ. 2025ರ ಫೆಬ್ರುವರಿಯ ಇನ್ವೆಸ್ಟ್ ಕರ್ನಾಟಕದಲ್ಲಿ 10.27 ಲಕ್ಷ ಕೋಟಿಯ ಹೂಡಿಕೆ ಭರವಸೆ ಬಂತು. ಭರವಸೆ ಬೇರೆ, ಜಮೀನು ಕೈಗೆ ಬಂದು ಆರ್ಕಿಟೆಕ್ಟ್ ನೇಮಕವಾಗುವುದು ಬೇರೆ.

ಈಗ ಸೇವೆಯ ಮಾತಿಗೆ ಬರೋಣ. ಮಾರುವವರು ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕು ತೋರಿಸುತ್ತಾರೆ. ಮೆಲ್ಟ್‌ವಾಟರ್‌ನಂಥ ಮೀಡಿಯಾ ಮಾನಿಟರಿಂಗ್ ಸೇವೆಗಳು ಬೆಳೆದದ್ದು ಮುಖ್ಯವಾಗಿ ಪ್ರಚಾರ ವಿಭಾಗಗಳಿಗಾಗಿ. ನಮ್ಮ ಕಂಪನಿ ಬಗ್ಗೆ ಯಾರು ಏನು ಬರೆದರು ಎಂದು ನೋಡುವವರಿಗೆ ಅವು ಸರಿ. ಎರಡನೆಯದು ಟೆಂಡರ್ ಒಟ್ಟು ಮಾಡಿ ಕಳಿಸುವ ಸೇವೆ. ಮೂರನೆಯದು ಯೋಜನೆಗಳನ್ನೇ ಬೆನ್ನು ಹತ್ತುವ ದತ್ತಾಂಶ, ಸಿಎಂಐಇಯ ಕ್ಯಾಪೆಕ್ಸ್, ಪ್ರಾಜೆಕ್ಟ್ಸ್ ಟುಡೇ ತರಹದ್ದು. ಘೋಷಣೆಯಾಗಿದೆಯೋ, ಕಟ್ಟಡ ಏಳುತ್ತಿದೆಯೋ, ನಿಂತುಹೋಗಿದೆಯೋ ಎಂಬ ಹಂತ ಅದರಲ್ಲಿ ಸಿಗುತ್ತದೆ. ನಿಮ್ಮ ಕೆಲಸಕ್ಕೆ ಹತ್ತಿರವಾದದ್ದು ಈ ಮೂರನೆಯದು. ನಿಮಗೆ ಕೊಟೇಶನ್ ಕೊಟ್ಟಿರುವವರದು ಯಾವ ಜಾತಿ ಎಂದು ಮೊದಲು ಕೇಳಿ.

ಆಮೇಲೆ ಡೆಮೊ ನೋಡಬೇಡಿ, ಪರೀಕ್ಷೆ ಕೊಡಿ. ಭಾನುವಾರ ಮಾಡಿದ ಪಟ್ಟಿಯಿಂದ ಮೂರು ನಾಲ್ಕು ಕಾರ್ಖಾನೆ ಹೆಸರು ತೆಗೆದು, ‘ಇವುಗಳ ಸುದ್ದಿ ನಿಮ್ಮಲ್ಲಿ ಯಾವ ತಾರೀಕಿಗೆ ಬಂದಿತ್ತು, ಹಳೆಯ ಸಂಗ್ರಹದಿಂದ ತೆಗೆದು ತೋರಿಸಿ’ ಅನ್ನಿ. ಬೇಲೂರಿನದನ್ನು ಮೊದಲು ಕೇಳಿ. ಆ ತಾರೀಕು ಲೇಔಟ್ ಬರೆಯುವುದಕ್ಕಿಂತ ಹಿಂದಿನದಾದರೆ ಮಾತು ಮುಂದುವರಿಸಿ. ಕಟ್ಟಡ ಎದ್ದ ಮೇಲಿನದಾದರೆ ಒಂದೂಮುಕ್ಕಾಲು ಲಕ್ಷ ಕೊಟ್ಟರೂ ನೀವು ಈಗಿರುವಲ್ಲೇ ಇರುತ್ತೀರಿ. ಪರೀಕ್ಷೆಗೆ ಒಪ್ಪದವರ ಹತ್ತಿರ ವ್ಯವಹಾರ ಬೇಡ.

ಕನ್ನಡದ ವಿಷಯದಲ್ಲಿ ಇನ್ನೂ ಬಿಗಿಯಾಗಿ ಕೇಳಿ. ಜಿಲ್ಲಾ ಸಮಿತಿಯ ನಾಲ್ಕು ಸಾಲಿನ ಸುದ್ದಿ ಬರುವುದು ಕನ್ನಡ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ. ಆ ಪುಟ ಎಷ್ಟೋ ಸಲ ಇ-ಪೇಪರ್‌ನಲ್ಲಿ ಬರೀ ಚಿತ್ರವಾಗಿ ಕೂತಿರುತ್ತದೆ, ಹುಡುಕಾಟಕ್ಕೆ ಸಿಗುವುದಿಲ್ಲ. ಇವರು ಅದನ್ನು ಓದುತ್ತಾರೆಯೇ, ಮನುಷ್ಯರು ಓದುತ್ತಾರೋ ಯಂತ್ರವೋ? ‘ಕಾರ್ಖಾನೆ’ ಎಂದು ಹಾಕಿದರೆ ‘ಕಾರ್ಖಾನೆಗೆ’, ‘ಕಾರ್ಖಾನೆಯನ್ನು’ ಕೂಡ ಹಿಡಿಯುತ್ತದೆಯೇ? ಊರುಗಳ ಹೆಸರು 2014ರಲ್ಲಿ ಅಧಿಕೃತವಾಗಿ ಬದಲಾದರೂ ಹೊರರಾಜ್ಯದ ಪತ್ರಿಕೆಗಳು, ಕಂಪನಿಗಳು ಇವತ್ತಿಗೂ ಹುಬ್ಲಿ, ಬೆಳಗಾಂ, ಗುಲ್ಬರ್ಗ ಅಂತಲೇ ಬರೆಯುವುದುಂಟು. ಹಳೆಯದು ಹೊಸದು ಎರಡನ್ನೂ ಹಾಕಿಸಿ. ಬೇಲೂರು ಎಂದಷ್ಟೇ ಹಾಕಿದರೆ ಹಾಸನ ಜಿಲ್ಲೆಯ ದೇವಸ್ಥಾನದ ಸುದ್ದಿ ಬಂದು ಬೀಳುತ್ತದೆ. ಯಂತ್ರ ಮಾಡಿದ ಸಾರಾಂಶ ಕಳಿಸುತ್ತೇವೆ ಎಂದರೆ ಮೂಲ ಸುದ್ದಿಯ ಕೊಂಡಿಯೂ ಬೇಕೆನ್ನಿ. ಸಾರಾಂಶದಲ್ಲಿ ಮೊದಲು ಬಿದ್ದುಹೋಗುವುದು ಆ ಉದ್ಯೋಗದ ಸಂಖ್ಯೆ, ಊರಿನ ಹೆಸರು.

ಒಪ್ಪಂದದಲ್ಲಿ ವರ್ಷ ಮುಗಿದಾಗ ತಾನಾಗಿ ನವೀಕರಣವಾಗುವ ಷರತ್ತು ಇದ್ದರೆ ತೆಗೆಸಿ. ಒಂದು ತಿಂಗಳಿಗೆ ದುಡ್ಡು ಕೊಟ್ಟಾದರೂ ಪ್ರಯೋಗಕ್ಕೆ ತೆಗೆದುಕೊಳ್ಳಿ. ಹುಡುಕುವ ಪದಗಳನ್ನು ನಡುವೆ ಬದಲಿಸುವುದಕ್ಕೆ ಮತ್ತೆ ಶುಲ್ಕ ಇರಬಾರದು, ಮಾಹಿತಿ ಎಕ್ಸೆಲ್‌ಗೆ ಇಳಿಯಬೇಕು. ಅಧಿಕಾರಿಗಳ ಮೊಬೈಲ್ ನಂಬರ್ ಪಟ್ಟಿ ಕೊಡುತ್ತೇವೆ ಎಂಬ ಆಮಿಷಕ್ಕೆ ಬೀಳಬೇಡಿ. ಆ ನಂಬರು ಎಲ್ಲಿಂದ ಬಂತೆಂದು ಗೊತ್ತಿಲ್ಲದೆ ಫೋನ್ ಮಾಡಿದರೆ ಹೋಗುವುದು ನಿಮ್ಮ ಹೆಸರು.

ಇದೆಲ್ಲಕ್ಕಿಂತ ಮುಂಚೆ ಮೂರು ತಿಂಗಳು ಮಗನಿಗೇ ಈ ಕೆಲಸ ವಹಿಸಿ. ಬೆಳಿಗ್ಗೆ ಅರ್ಧ ಗಂಟೆ. ಗೂಗಲ್ ಅಲರ್ಟ್ಸ್ ಪುಕ್ಕಟೆ ಸಿಗುತ್ತದೆ, ಕನ್ನಡ ಪದಗಳನ್ನೂ ಹಾಕಬಹುದು. ಅದು ಬಿಡುವ ಸುದ್ದಿ ಬಹಳ, ಆದರೆ ಯಾವ ಪದ ಕೆಲಸಕ್ಕೆ ಬರುತ್ತದೆ ಎಂಬುದು ಕಲಿತಂತಾಗುತ್ತದೆ. ಜೊತೆಗೆ ಧಾರವಾಡ, ಬೆಳಗಾವಿ, ಹಾವೇರಿ, ಕೊಪ್ಪಳದ ಜಿಲ್ಲಾ ಪುಟಗಳನ್ನು ಕಣ್ಣಿನಿಂದಲೇ ನೋಡಲಿ. ಸಿಕ್ಕಿದ ಒಂದೊಂದಕ್ಕೂ ಊರು, ಹೂಡಿಕೆ, ಉದ್ಯೋಗ, ಈಗಿನ ಹಂತ, ಆರ್ಕಿಟೆಕ್ಟ್ ಯಾರು, ನಾವು ಹೋಗಿದ್ದು ಯಾವಾಗ ಎಂದು ಬರೆದಿಡಲಿ. ಸಿಕ್ಕಿದ್ದಕ್ಕೇ ಓಡಾಡಲು ನಿಮ್ಮಿಬ್ಬರಿಗೆ ಆಗುತ್ತಿಲ್ಲ ಎಂದಾದರೆ ಇನ್ನಷ್ಟು ಸುದ್ದಿ ಕೊಳ್ಳುವುದರಲ್ಲಿ ಅರ್ಥವಿಲ್ಲ, ಆ ದುಡ್ಡಿಗೆ ಒಬ್ಬ ಸೇಲ್ಸ್ ಹುಡುಗನನ್ನು ಇಟ್ಟುಕೊಳ್ಳಿ. ಕೊಲ್ಹಾಪುರ, ಗೋವಾ ಕಡೆಯ ಯೋಜನೆಗಳು ಕೈತಪ್ಪುತ್ತಿವೆ, ನಿಮ್ಮ ಕಣ್ಣಿಗೆ ಅಷ್ಟು ದೂರ ನಿಲುಕುತ್ತಿಲ್ಲ ಎಂದಾದರೆ ಧೈರ್ಯವಾಗಿ ಚಂದಾ ಕಟ್ಟಿ. ಆಗ ಏನು ಕೊಳ್ಳುತ್ತಿದ್ದೀರಿ ಎಂಬುದು ನಿಮಗೇ ಗೊತ್ತಿರುತ್ತದೆ.

ಈ ನಡುವೆ ಇನ್ನೊಂದು ಕೆಲಸ ಇದೆ, ಅದು ನಿಮ್ಮದು. ಜಿಲ್ಲಾ ಏಕಗವಾಕ್ಷಿ ಸಮಿತಿಯ ಸದಸ್ಯ ಕಾರ್ಯದರ್ಶಿ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರು. ನೀವು ಇಷ್ಟು ವರ್ಷ ಉದ್ಯಮ ನಡೆಸಿದವರು, ಆ ಕಚೇರಿಯ ಮೆಟ್ಟಿಲು ಹತ್ತಿರುತ್ತೀರಿ. ನಿಮ್ಮ ಪರಿಚಯದ ಕ್ಯಾಂಟೀನ್ ಗುತ್ತಿಗೆದಾರರು, ಆರ್ಕಿಟೆಕ್ಟುಗಳು, ಸ್ಟೀಲ್ ಶೀಟಿನ ವ್ಯಾಪಾರಿಗಳು ಯಾರೂ ಮಗನಿಗೆ ಹೆಸರು ಹಿಡಿದು ಗೊತ್ತಿಲ್ಲದಿರಬಹುದು. ಪಟ್ಟಿಯಲ್ಲಿ ಮೊದಲ ಐದಾರು ಹೆಸರು ಬಂದ ವಾರವೇ ಅವನನ್ನು ಕರೆದುಕೊಂಡು ಹೋಗಿ ಇವರೆಲ್ಲರಿಗೂ ಪರಿಚಯ ಮಾಡಿಸಿ. ಮಾತು ಅವನೇ ಆಡಲಿ, ಪಟ್ಟಿ ಅವನ ಕೈಯಲ್ಲೇ ಇರಲಿ.