ಊರಿಂದ ಬಂದವರು ಮನೆಗೆ ಬರುವುದು ಯಾವಾಗ?



ಕೆಂಗೇರಿ ಉಪನಗರದಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾದರೆ ಸ್ವಲ್ಪ ಕಿವಿಗೊಟ್ಟು ಕೇಳಿ. ಹಾಲಿನವನು ಬರುವುದಕ್ಕೂ ಮೊದಲೇ ಗಾಲಿ ಹಾಕಿದ ಸೂಟ್‌ಕೇಸುಗಳ ಗಡಗಡ ಸದ್ದು ಬೀದಿಯಲ್ಲಿ ಕೇಳಿಸುತ್ತದೆ. ಸೋಮವಾರವಾದರೆ ಅದು ಹೊರಡುವವರ ಸದ್ದು, ಶನಿವಾರವಾದರೆ ಹಿಂತಿರುಗುವವರ ಸದ್ದು. ಔಷಧ ಕಂಪನಿಯ ಪ್ರತಿನಿಧಿ ಹಾಸನ, ಚಿಕ್ಕಮಗಳೂರಿನ ಟೂರಿಗೆ ಹೊರಟಿರುತ್ತಾರೆ. ಸಾಫ್ಟ್‌ವೇರ್ ಕಂಪನಿಯವರು ಪುಣೆಗೋ ಹೈದರಾಬಾದಿಗೋ ಹೋಗಬೇಕು. ವಿಮಾನ ಹತ್ತುವ ಮೊದಲೇ ಅವರು ಇಡೀ ನಗರವನ್ನು ಈ ತುದಿಯಿಂದ ಆ ತುದಿಗೆ ದಾಟಿ ದೇವನಹಳ್ಳಿ ಸೇರಬೇಕು. ರಾತ್ರಿ ಬಸ್ಸಿನ ಚಾಲಕರು, ನಿರ್ವಾಹಕರು, ರೈಲ್ವೆಯವರು, ಲಾರಿಯವರು ಬೇರೆ. ಮೈಸೂರು ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬರುವವರಿಗಂತೂ ಊರು ಬಂತೆಂದು ಯಾರೂ ಕೂಗಿ ಹೇಳಬೇಕಾಗಿಲ್ಲ. ವೃಷಭಾವತಿಯ ವಾಸನೆಯೇ ಎಬ್ಬಿಸುತ್ತದೆ.

ಹೊರಡುವುದು ಕಷ್ಟವೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಹೊರಡುವವರಿಗೆ ಮನೆಮಂದಿಯೆಲ್ಲ ನೆರವಾಗುತ್ತಾರೆ. ತಾಯಿ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ, ಹೆಂಡತಿ ಡಬ್ಬಿಗೆ ಚಟ್ನಿಪುಡಿ ತುಂಬುತ್ತಾರೆ, ಮಗು ಗೇಟಿನವರೆಗೆ ಬಂದು ಕೈ ಬೀಸುತ್ತದೆ. ಹಿಂತಿರುಗುವುದು ಮಾತ್ರ ಬರೀ ಸಂತೋಷದ ವಿಷಯವೆಂದು ನಾವು ತಿಳಿದುಕೊಂಡಿದ್ದೇವೆ, ಹಾಗಾಗಿ ಅದಕ್ಕೆ ಯಾರೂ ಸಿದ್ಧತೆ ಮಾಡಿಕೊಳ್ಳುವುದಿಲ್ಲ. ಆದರೆ ಮನೆಗಳಿಗೆ ಹೋಗಿಬರುವ ನನಗೆ ಕಂಡುಬಂದಿರುವುದು ಬೇರೆ. ಇಂಥ ಕುಟುಂಬಗಳಲ್ಲಿ ಜಗಳ ಹುಟ್ಟುವುದು ಹೊರಡುವ ದಿನವಲ್ಲ. ಬಂದ ದಿನ, ಹೆಚ್ಚೆಂದರೆ ಮಾರನೆಯ ದಿನ. ಬಸ್ಸಿನಿಂದ ಇಳಿದ ಮಾತ್ರಕ್ಕೆ ಮನುಷ್ಯ ಮನೆಗೆ ಬಂದಂತಾಗುವುದಿಲ್ಲ. ಈ ವಾರ ನಾವು ಅದನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲು ಸಣ್ಣ ಸಣ್ಣ ಆಶ್ಚರ್ಯಗಳನ್ನೇ ನೋಡಿ. ಆರು ದಿನ ಹೊರಗಿದ್ದು ಬಂದ ನೀವು ಉಪ್ಪಿನ ಡಬ್ಬಿಗೆ ಕೈಹಾಕಿದರೆ ಅಲ್ಲಿ ಸಕ್ಕರೆ ಇರುತ್ತದೆ. ಸ್ನಾನದ ಟವೆಲ್ಲು ಇರುತ್ತಿದ್ದ ಮೊಳೆಗೆ ಮಗಳ ಶಾಲೆಯ ಚೀಲ ನೇತಾಡುತ್ತಿರುತ್ತದೆ. ಮಗನ ಮುಂದಿನ ಹಲ್ಲು ಬಿದ್ದಿದೆ. ಬಿದ್ದು ನಾಲ್ಕು ದಿನವಾದ್ದರಿಂದ ಅದು ಅವನಿಗೂ ಹಳೆಯ ಸುದ್ದಿ. ನಡುರಾತ್ರಿ ಎದ್ದು, ಲಾಡ್ಜಿನ ಕೋಣೆಯಲ್ಲಿ ಬಚ್ಚಲು ಯಾವ ಕಡೆಗಿತ್ತೋ ಅದೇ ಕಡೆಗೆ ಕತ್ತಲಲ್ಲಿ ನಡೆದು ಸ್ವಂತ ಮನೆಯ ಬೀರುವಿಗೆ ಹಣೆ ತಾಗಿಸಿಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಊಟಕ್ಕೆ ಕುಳಿತಾಗ ಎಲ್ಲರೂ ಯಾವುದೋ ಮಾತಿಗೆ ನಗುತ್ತಾರೆ. ‘ಯಾಕೆ, ಏನಾಯಿತು?’ ಎಂದು ಕೇಳಿದರೆ, ‘ಅದು ಬುಧವಾರದ್ದು ಬಿಡಿ’ ಎಂಬ ಉತ್ತರ ಬರುತ್ತದೆ. ಬುಧವಾರದ ನಗುವನ್ನು ಶನಿವಾರ ವಿವರಿಸಿ ಹೇಳಿದರೆ ಯಾರಿಗೂ ನಗು ಬರುವುದಿಲ್ಲ.

ಊಟದ ಮಾತು ಬಂದದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ. ವಾರವಿಡೀ ಹೋಟೆಲಿನ ಎಣ್ಣೆ ಮಸಾಲೆ ತಿಂದವರಿಗೆ ದಾರಿಯುದ್ದಕ್ಕೂ ಆಸೆಯಾಗುವುದು ಬೇಳೆಸಾರು, ಅನ್ನ, ಒಂದು ಹಪ್ಪಳ. ಇತ್ತ ಮನೆಯವರು ವಾರವಿಡೀ ಸಾರು, ಚಿತ್ರಾನ್ನದಲ್ಲೇ ದಿನ ನೂಕಿ, ‘ಅವರು ಬಂದ ದಿನ ಕೋಳಿ ಮಾಡೋಣ’ ಎಂದು ಕಾದಿರುತ್ತಾರೆ. ‘ಸಾರು ಇಲ್ಲವೇ?’ ಎಂದು ಬಂದವರು ಸಹಜವಾಗಿಯೇ ಕೇಳುತ್ತಾರೆ. ಮಧ್ಯಾಹ್ನದಿಂದ ಮಸಾಲೆ ಅರೆದವರಿಗೆ ಆ ಒಂದು ಮಾತು ಎಷ್ಟು ನಾಟುತ್ತದೆಂದು ಅವರಿಗೆ ತಿಳಿಯುವುದಿಲ್ಲ. ಇಬ್ಬರದೂ ಪ್ರೀತಿಯೇ. ಆದರೂ ಎರಡು ಪ್ರೀತಿಗಳು ಒಂದೇ ಊಟದ ಮೇಜಿನ ಮೇಲೆ ಡಿಕ್ಕಿ ಹೊಡೆಯುತ್ತವೆ.

ಹೀಗಾಗಲು ಕಾರಣ ಯಾರ ದುರ್ಗುಣವೂ ಅಲ್ಲ. ಒಬ್ಬರು ಇಲ್ಲದಾಗ ಮನೆ ನಿಂತುಬಿಡುವುದಿಲ್ಲ, ನಿಲ್ಲಲೂ ಬಾರದು. ಸಿಲಿಂಡರ್ ಮುಗಿಯುತ್ತದೆ, ನೀರು ಬರುವ ದಿನ ಬದಲಾಗುತ್ತದೆ, ಮಗುವಿಗೆ ಜ್ವರ ಬರುತ್ತದೆ. ಮನೆಯಲ್ಲಿರುವವರು ಒಬ್ಬೊಬ್ಬರಾಗಿ ಆ ಕೆಲಸಗಳನ್ನು ಹಂಚಿಕೊಳ್ಳುತ್ತಾರೆ. ಖಾಲಿಯಾದ ಜಾಗ ಮುಚ್ಚಿಹೋಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರೂಬೆನ್ ಹಿಲ್ ಎಂಬವರು ಎರಡನೇ ಮಹಾಯುದ್ಧಕ್ಕೆ ಹೋಗಿ ಹಿಂತಿರುಗಿದ ಸೈನಿಕರ ಕುಟುಂಬಗಳನ್ನು ಅಯೋವಾ ರಾಜ್ಯದಲ್ಲಿ ಅಧ್ಯಯನ ಮಾಡಿ 1949ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅಗಲಿಕೆಯನ್ನೂ ಮರುಮಿಲನವನ್ನೂ ಅವರು ಎರಡು ಬೇರೆ ಬೇರೆ ಬಿಕ್ಕಟ್ಟುಗಳೆಂದೇ ಪರಿಗಣಿಸಿದರು. ಗಂಡನಿಲ್ಲದ ಕಾಲವನ್ನು ಚೆನ್ನಾಗಿ ನಿಭಾಯಿಸಿದ ಮನೆಗೆ ಗಂಡ ಬಂದ ಮೇಲಿನ ಕಾಲವೂ ತಾನಾಗಿಯೇ ಸುಲಭವಾಗಿರುತ್ತದೆ ಎಂದೇನಿಲ್ಲ ಎಂಬುದು ಅವರಿಗೆ ಕಂಡಿತು. ಯುದ್ಧಕ್ಕೆ ಹೋಗುವುದಕ್ಕೂ ಹುಬ್ಬಳ್ಳಿಗೆ ಟೂರು ಹೋಗುವುದಕ್ಕೂ ಹೋಲಿಕೆಯೇ ಎಂದು ನೀವು ಕೇಳಬಹುದು. ಸೈನಿಕ ಬರುವುದು ವರ್ಷಗಳ ನಂತರ ಒಮ್ಮೆ, ನೀವು ಬರುವುದು ತಿಂಗಳಿಗೆ ನಾಲ್ಕು ಸಲ. ಹಾಗಾಗಿ ಬಿಕ್ಕಟ್ಟು ಚಿಕ್ಕದು, ಆದರೆ ಅದು ಮುಗಿಯುವುದೇ ಇಲ್ಲ.

ಈಗ ಬಂದವರ ವಿಷಯ. ಮುಚ್ಚಿಹೋದ ಜಾಗವನ್ನು ಕಂಡ ಗಂಡಸಿಗೆ ‘ನಾನಿಲ್ಲದೆಯೂ ನಡೆಯುತ್ತದಲ್ಲ’ ಎಂಬ ಕಸಿವಿಸಿ ಆಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಲಾರದೆ ಅವನು ಲೆಕ್ಕಪರಿಶೋಧಕನ ಕೆಲಸ ಹಿಡಿಯುತ್ತಾನೆ. ಕರೆಂಟಿನ ಬಿಲ್ಲು ಯಾಕೆ ಇಷ್ಟು ಬಂದಿದೆ, ನಲ್ಲಿ ರಿಪೇರಿಗೆ ಅಷ್ಟು ಕೊಟ್ಟದ್ದೇಕೆ, ಮಗ ಎಂಟು ಗಂಟೆಗೂ ಟಿ.ವಿ. ಮುಂದೆ ಯಾಕಿದ್ದಾನೆ? ವಿಶ್ವಗುರು ಎರಡನೇ ಜಾನ್ ಪೌಲರು 1981ರ ನವೆಂಬರ್ 22ರಂದು ಕುಟುಂಬವನ್ನು ಕುರಿತು ‘ಫಮಿಲಿಯಾರಿಸ್ ಕನ್ಸೋರ್ಸಿಯೊ’ ಎಂಬ ಪ್ರಬೋಧನ ಪತ್ರವನ್ನು ನೀಡಿದರು. ಅದರ 25ನೇ ಪರಿಚ್ಛೇದದಲ್ಲಿ ತಂದೆಯ ಬಗ್ಗೆ ಬರೆಯುವಾಗ ಅವರು ಎರಡು ಅಪಾಯಗಳನ್ನು ಪಕ್ಕಪಕ್ಕದಲ್ಲೇ ಇಡುತ್ತಾರೆ: ತಂದೆ ಮನೆಯಲ್ಲಿ ಇಲ್ಲದಿರುವುದರಿಂದ ಆಗುವ ಹಾನಿ, ತಂದೆ ಮನೆಯವರನ್ನು ಅದುಮಿಡುವಂತೆ ಇರುವುದರಿಂದ ಆಗುವ ಹಾನಿ. ಇವೆರಡನ್ನು ನಾವು ಎರಡು ಬಗೆಯ ತಂದೆಯರೆಂದು ಓದಿಕೊಳ್ಳುತ್ತೇವೆ. ಆದರೆ ಪ್ರಯಾಣದ ಕೆಲಸವಿರುವ ಮನೆಯಲ್ಲಿ ಇಬ್ಬರೂ ಒಬ್ಬನೇ ಆಗಿರಬಹುದು. ಸೋಮವಾರದಿಂದ ಶುಕ್ರವಾರದವರೆಗೆ ಇಲ್ಲದವನೇ ಶನಿವಾರ ಬೆಳಿಗ್ಗೆಯಿಂದ ಅತಿಯಾಗಿ ಇರತೊಡಗುತ್ತಾನೆ.

ಇದಕ್ಕೆ ಮನೆಯಲ್ಲಿರುವವರ ಪಾಲೂ ಇದೆ. ‘ಅಪ್ಪ ಬರಲಿ, ಹೇಳುತ್ತೇನೆ’ ಎಂಬ ಮಾತನ್ನು ಎಷ್ಟು ತಾಯಂದಿರು ಆಡುವುದಿಲ್ಲ! ಗುರುವಾರದ ತಂಟೆಗೆ ಶನಿವಾರ ಶಿಕ್ಷೆ. ಅಪ್ಪ ಬರುವ ದಿನವೆಂದರೆ ಕೋರ್ಟಿನ ದಿನ ಎಂದು ಮಗು ಕಲಿತುಕೊಳ್ಳುತ್ತದೆ. ಆ ಭಯವನ್ನು ಕಳೆಯಲು ಅಪ್ಪ ಏನಾದರೂ ತರುತ್ತಾರೆ: ಬೆಳಗಾವಿಯ ಕುಂದಾ, ಧಾರವಾಡದ ಪೇಡ, ವಿಮಾನ ನಿಲ್ದಾಣದ ಚಾಕೊಲೇಟು. ಆಗ ಮಗುವಿನ ಕಣ್ಣು ಅಪ್ಪನ ಮುಖಕ್ಕಿಂತ ಮೊದಲು ಚೀಲದ ಕಡೆಗೆ ಹೋಗುತ್ತದೆ. ಸಿಹಿ ತರಬಾರದೆಂದು ನಾನು ಹೇಳುತ್ತಿಲ್ಲ. ಚೀಲವನ್ನು ಬಾಗಿಲಲ್ಲೇ ತೆರೆಯಬೇಡಿ, ಊಟವಾದ ಮೇಲೆ ತೆರೆಯಿರಿ. ಗುರುವಾರದ ತಂಟೆಯನ್ನು ಗುರುವಾರವೇ ತಾಯಿ ಇತ್ಯರ್ಥಮಾಡಲಿ. ಆ ಅಧಿಕಾರ ಅವರಿಗಿದೆ ಎಂದು ತಂದೆ ಮಕ್ಕಳ ಮುಂದೆಯೇ ಹೇಳಲಿ.

ಮಗು ಇನ್ನೊಂದು ಪ್ರಶ್ನೆ ಕೇಳುತ್ತದೆ. ನೀವು ಇನ್ನೂ ಶೂ ಬಿಚ್ಚಿರುವುದಿಲ್ಲ, ಅಷ್ಟರಲ್ಲಿ ‘ಅಪ್ಪಾ, ಮತ್ತೆ ಯಾವಾಗ ಹೋಗ್ತೀರಿ?’ ಎನ್ನುತ್ತದೆ. ಇದನ್ನು ಕೇಳಿ ನೊಂದುಕೊಂಡ ತಂದೆಯರಿದ್ದಾರೆ. ನೊಂದುಕೊಳ್ಳಬೇಡಿ. ಅದು ಕಳಿಸಿಕೊಡುವ ಮಾತಲ್ಲ. ಈ ಸಲ ಎಷ್ಟು ದಿನ ಸಿಗುತ್ತೀರಿ ಎಂದು ಮಗು ಎಣಿಸಿಕೊಳ್ಳುತ್ತಿದೆ. ನಿಜವಾದ ದಿನವನ್ನೇ ಹೇಳಿ.

ಮನೆಯಲ್ಲಿ ಉಳಿದವರ ಆಯಾಸ ಕಣ್ಣಿಗೆ ಕಾಣುವುದಿಲ್ಲ. ಯಾಕೆಂದರೆ ಅವರ ಕೈಯಲ್ಲಿ ಸೂಟ್‌ಕೇಸ್ ಇರುವುದಿಲ್ಲ. ವಾಷಿಂಗ್ಟನ್ನಿನ ವಿಶ್ವ ಬ್ಯಾಂಕಿನಲ್ಲಿ ಕೆಲಸಕ್ಕಾಗಿ ಪದೇ ಪದೇ ಪರದೇಶ ಪ್ರಯಾಣ ಮಾಡುವ ಸಿಬ್ಬಂದಿಯ ಪತಿ ಅಥವಾ ಪತ್ನಿಯರ ವೈದ್ಯಕೀಯ ವಿಮೆಯ ದಾಖಲೆಗಳನ್ನು ಪರಿಶೀಲಿಸಿ 2002ರಲ್ಲಿ ಒಂದು ವರದಿ ಪ್ರಕಟವಾಯಿತು. ವರ್ಷಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಲ ಹೋಗುವವರ ಸಂಗಾತಿಗಳು ಒತ್ತಡಕ್ಕೆ ಸಂಬಂಧಿಸಿದ ಮಾನಸಿಕ ತೊಂದರೆಗಳಿಗೆ ಚಿಕಿತ್ಸೆ ಪಡೆದ ಪ್ರಮಾಣವು, ಪ್ರಯಾಣ ಮಾಡದವರ ಸಂಗಾತಿಗಳಿಗಿಂತ ಸುಮಾರು ಮೂರು ಪಟ್ಟು ಇತ್ತು. ಪ್ರಯಾಣ ಮಾಡಿದವರು ಒಬ್ಬರು, ವೈದ್ಯರ ಬಳಿಗೆ ಹೋದವರು ಇನ್ನೊಬ್ಬರು! ಆದ್ದರಿಂದ, ಪ್ರಿಯ ಸಹೋದರರೇ, ‘ನಾನು ದಣಿದು ಬಂದಿದ್ದೇನೆ’ ಎಂಬ ಮಾತು ಸತ್ಯವೇ ಆದರೂ, ಮನೆಯ ಹೊಸ್ತಿಲು ದಾಟುವಾಗ ಅದು ಮೊದಲನೆಯ ಮಾತಾಗದಿರಲಿ. ಒಳಗೆ ಇನ್ನೊಬ್ಬರು ದಣಿದವರು ಇದ್ದಾರೆ.

ಈಗ ಫೋನಿದೆಯಲ್ಲ ಎನ್ನುತ್ತೀರಿ. ಎಸ್.ಟಿ.ಡಿ. ಬೂತಿನಲ್ಲಿ ಕಡಿಮೆ ದರಕ್ಕಾಗಿ ರಾತ್ರಿಯವರೆಗೆ ಕಾದು ನಿಂತ ಕಾಲ ನಮ್ಮಲ್ಲಿ ಹಲವರಿಗೆ ನೆನಪಿದೆ. ಮೀಟರಿನ ಕೆಂಪು ಅಂಕಿಗಳನ್ನು ನೋಡುತ್ತ ಮುಖ್ಯವಾದದ್ದನ್ನು ಮಾತ್ರ ಹೇಳಿ ಇಡುತ್ತಿದ್ದೆವು. 1995ರ ಜುಲೈ 31ರಂದು ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆಯಿತು. ಈಗ ಮುಖ ನೋಡಿಕೊಂಡೇ ಗಂಟೆಗಟ್ಟಲೆ ಮಾತನಾಡಬಹುದು. ಒಳ್ಳೆಯದೇ. ಆದರೆ ಸೆಮಿನರಿಯಲ್ಲಿ ನಾವು ಓದಿದ ಅರಿಸ್ಟಾಟಲ್, ಸ್ನೇಹವನ್ನು ಕುರಿತ ವಿಚಾರದಲ್ಲಿ ಒಂದು ಸೂಕ್ಷ್ಮ ಗುರುತಿಸಿದ್ದ. ದೂರವು ಸ್ನೇಹವನ್ನೇ ಅಳಿಸುವುದಿಲ್ಲ, ಅದರ ಆಚರಣೆಯನ್ನು ನಿಲ್ಲಿಸುತ್ತದೆ. ದೂರವಿರುವುದು ಬಹಳ ಕಾಲವಾದರೆ ಸ್ನೇಹವೂ ಮರೆತಂತಾಗುತ್ತದೆ ಎಂಬುದು ಅವನ ಅಭಿಪ್ರಾಯ. ಫೋನಿನಲ್ಲಿ ಮಾತು ಹೋಗುತ್ತದೆ, ಆಚರಣೆ ಹೋಗುವುದಿಲ್ಲ. ನೀರಿನ ಬಿಂದಿಗೆ ಎತ್ತಿಕೊಡುವುದು, ಮಗುವಿನ ಪುಸ್ತಕಕ್ಕೆ ರಟ್ಟು ಹಾಕುವುದು, ವಯಸ್ಸಾದ ತಾಯಿಯ ಕಾಲಿಗೆ ಎಣ್ಣೆ ಹಚ್ಚುವುದು ಇವೆಲ್ಲ ಫೋನಿನಲ್ಲಿ ಆಗುವ ಕೆಲಸಗಳಲ್ಲ.

2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಲಾಕ್‌ಡೌನ್ ಬಂದಾಗ ಇಂಥ ಮನೆಗಳಲ್ಲಿ ಒಂದು ವಿಚಿತ್ರ ನಡೆಯಿತು. ಹತ್ತಾರು ವರ್ಷ ಟೂರಿನಲ್ಲೇ ಇದ್ದವರು ಒಮ್ಮೆಲೇ ಮನೆಯಲ್ಲಿ ಕೂರಬೇಕಾಯಿತು. ಮೊದಲ ವಾರ ಹಬ್ಬ, ಎರಡನೆಯ ವಾರ ಎಲ್ಲರಿಗೂ ಕಿರಿಕಿರಿ. ಯಾವ ಕುರ್ಚಿ ಯಾರದು ಎಂಬುದರಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಒಪ್ಪಿಕೊಳ್ಳಬೇಕಾಯಿತು. ಆದರೆ ತರಕಾರಿ ಹೆಚ್ಚುವುದೋ ಪಾತ್ರೆ ತೊಳೆಯುವುದೋ, ಒಂದು ಕೆಲಸವನ್ನು ತಮ್ಮದಾಗಿ ಮಾಡಿಕೊಂಡವರು ಬೇಗ ಹೊಂದಿಕೊಂಡರು ಎಂದೇ ನನ್ನ ಅನಿಸಿಕೆ.

ಶ್ರೀಗ್ರಂಥದಲ್ಲಿ ಕೆಲಸದ ನಿಮಿತ್ತ ಪ್ರಯಾಣ ಹೋದವನ ಮನೆಯನ್ನು ಒಳಗಿನಿಂದ ತೋರಿಸುವ ಒಂದು ಪುಸ್ತಕವಿದೆ, ಅದು ತೋಬಿತನ ಗ್ರಂಥ. ನಿನೆವೆಯಲ್ಲಿದ್ದ ಕುರುಡ ತೋಬಿತ, ಮೇದ್ಯ ದೇಶದಲ್ಲಿ ಒಬ್ಬರ ಬಳಿ ಇಟ್ಟಿದ್ದ ಹತ್ತು ತಲಾಂತು ಬೆಳ್ಳಿಯನ್ನು ತರಲು ಮಗ ತೋಬಿಯನನ್ನು ಕಳಿಸುತ್ತಾನೆ. ಜೊತೆಗೆ ಹೋದ ಸಂಗಾತಿ ಮಹಾದೂತ ರಫಾಯೇಲನೆಂದು ಯಾರಿಗೂ ಗೊತ್ತಿಲ್ಲ. ದಿನಗೂಲಿಯನ್ನೂ ಗೊತ್ತುಮಾಡಿಕೊಂಡೇ ಅವನನ್ನು ಕಳಿಸುತ್ತಾರೆ. ಮನೆಯ ನಾಯಿಯೂ ಹಿಂದೆ ಹೋಗುತ್ತದೆ. ದಾರಿಯಲ್ಲಿ ತೋಬಿಯನಿಗೆ ಮದುವೆಯಾಗಿ, ಏಳು ದಿನದ ಹಬ್ಬ ಹದಿನಾಲ್ಕು ದಿನಕ್ಕೆ ಬೆಳೆಯುತ್ತದೆ. ಇತ್ತ ತಂದೆ ದಿನ ಎಣಿಸುತ್ತಾನೆ. ತಾಯಿ ಅನ್ನಳು ‘ಹಣ ಯಾರಿಗೆ ಬೇಕಾಗಿತ್ತು’ ಎಂದು ಮೊದಲೇ ಗಂಡನೊಡನೆ ವಾದಿಸಿದ್ದಳು. ಈಗ ಮಗ ಸತ್ತೇಹೋದನೆಂದು ಅಳುತ್ತಾಳೆ, ದಿನವೂ ಅವನು ಹೋದ ದಾರಿಯನ್ನೇ ನೋಡುತ್ತ ಕೂರುತ್ತಾಳೆ. ಗಂಡ ಸಮಾಧಾನ ಹೇಳಿದರೆ ಸುಮ್ಮನಿರು ಎನ್ನುತ್ತಾಳೆ. ನಮ್ಮ ಮನೆಗಳ ಮಾತೇ ಅಲ್ಲವೇ ಇದು?

ಆದರೆ ನೀವು ಗಮನಿಸಬೇಕಾದ್ದು ಹಿಂತಿರುಗಿದ ಗಳಿಗೆಯನ್ನು. ಬೆಳ್ಳಿ ಬಂದಿದೆ, ಹೊಸ ಸೊಸೆ ಹಿಂದೆ ಬರುತ್ತಿದ್ದಾಳೆ, ಹೇಳಲು ಬೇಕಾದಷ್ಟು ಸುದ್ದಿ ಇದೆ. ಆದರೂ ಅವನು ಮೊದಲು ಗಂಟು ಬಿಚ್ಚುವುದಿಲ್ಲ, ಲೆಕ್ಕ ಒಪ್ಪಿಸುವುದಿಲ್ಲ. ಎಡವುತ್ತ ಬಾಗಿಲಿಗೆ ಬಂದ ತಂದೆಯನ್ನು ಹಿಡಿದುಕೊಂಡು, ಕೈಯಲ್ಲೇ ಸಿದ್ಧವಾಗಿಟ್ಟುಕೊಂಡಿದ್ದ ಮೀನಿನ ಪಿತ್ತವನ್ನು ಅವನ ಕಣ್ಣಿಗೆ ಹಚ್ಚುತ್ತಾನೆ. ಬಂದವನಿಗೆ ಮನೆಯಲ್ಲಿ ಒಂದು ಕೆಲಸ ಕಾದಿತ್ತು. ಅದು ಯಾವುದೆಂದು ದಾರಿಯಲ್ಲೇ ಅವನಿಗೆ ಗೊತ್ತಿತ್ತು.

ನಿಮ್ಮ ಮನೆಯಲ್ಲೂ ಬಂದವರಿಗೆ ಅಂಥದೊಂದು ಕೆಲಸವನ್ನು ಉಳಿಸಿಡಿ. ‘ನೀವು ದಣಿದಿದ್ದೀರಿ, ಕೂತ್ಕೊಳ್ಳಿ’ ಎಂದು ಎರಡು ದಿನ ಅತಿಥಿಯಂತೆ ನೋಡಿಕೊಳ್ಳುವುದು ಉಪಚಾರವಾದೀತು, ಆದರೆ ಅತಿಥಿಗೆ ಮನೆಯಲ್ಲಿ ಜಾಗವಿರುವುದಿಲ್ಲ. ಭಾನುವಾರ ಬಲಿಪೂಜೆ ಮುಗಿಸಿ ತರಕಾರಿ ತರುವುದು ಅಪ್ಪನದೇ, ರಾತ್ರಿ ಜಪಸರ ಶುರುಮಾಡುವುದು ಅವರದೇ ಎಂದು ಇಟ್ಟುಕೊಳ್ಳಿ. ಅವರು ಇಲ್ಲದಾಗ ಬೇರೆಯವರು ಮಾಡಲಿ, ಬಂದಾಗ ಮರಳಿ ಕೊಡಲಿ. ಈಗ ಹೆಂಗಸರೂ ಕೆಲಸಕ್ಕಾಗಿ ಹೊರಊರಿಗೆ ಹೋಗುತ್ತಾರೆ. ಅವರು ಬಂದಾಗ ಮಾತ್ರ ಅತಿಥಿಸತ್ಕಾರದ ಪ್ರಶ್ನೆಯೇ ಇಲ್ಲ, ವಾರದ ಬಟ್ಟೆಯ ರಾಶಿ ಅವರಿಗಾಗಿ ಕಾದಿರುತ್ತದೆ! ಅಲ್ಲಿ ಕಡಿಮೆ ಮಾಡಬೇಕಾದ್ದು ಕೆಲಸವನ್ನು. ಹಾಗೆಯೇ ಊರು ಬಿಡದೆಯೂ ಪ್ರಯಾಣಿಕರಾದವರಿದ್ದಾರೆ. 2023ರ ಅಕ್ಟೋಬರ್ 9ರಿಂದ ಮೆಟ್ರೋ ಕೆಂಗೇರಿಯಿಂದ ವೈಟ್‌ಫೀಲ್ಡಿನವರೆಗೆ ಒಂದೇ ಸಮನೆ ಓಡುತ್ತಿದೆ, ನಿಜ. ಆದರೂ ಮಕ್ಕಳು ಏಳುವ ಮೊದಲು ಹೊರಟು ಮಲಗಿದ ಮೇಲೆ ಬರುವವರ ಪಾಡು ಟೂರಿನವರ ಪಾಡಿಗಿಂತ ಬೇರೆಯಲ್ಲ.

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹೊರಡುವ ದಿನಕ್ಕಲ್ಲ, ಬರುವ ದಿನಕ್ಕೆ ಒಂದು ಸೊನ್ನೆ ಸುತ್ತಿ. ಪೆನ್ಸಿಲ್ಲಿನಲ್ಲೇ ಸುತ್ತಿ, ಕಂಪನಿಯವರು ದಿನ ಬದಲಾಯಿಸುತ್ತಾರೆ. ಬದಲಾದರೆ ಹೆಂಡತಿಗೆ ಮಾತ್ರ ಹೇಳಿ ಫೋನ್ ಇಡಬೇಡಿ. ಮಗುವನ್ನು ಕರೆಸಿ, ನೀವೇ ಹೇಳಿ; ಹಳೆಯ ಸೊನ್ನೆ ಅಳಿಸಿ ಹೊಸದನ್ನು ಸುತ್ತುವ ಕೆಲಸ ಮಗುವಿನದಾಗಿರಲಿ.